ಐಎಸ್‌ಒ ಕಡ್ಡಾಯ ಮಾಡಿದರೆ ನಾಡಕಚೇರಿಗೆ ಅಲೆಯುವುದು ತಪ್ಪುತ್ತಾ?

ಸಿಂಧನೂರಿನ ಓದುಗರೊಬ್ಬರು ಕೇಳಿದ್ದಾರೆ: "ಸರ್, ಎಲ್ಲ ಸರ್ಕಾರಿ ಕಚೇರಿಗೂ ಗುಣಮಟ್ಟದ ಸರ್ಟಿಫಿಕೇಟ್ ಕಡ್ಡಾಯ ಮಾಡಿಬಿಟ್ಟರೆ ನಮ್ಮ ಅಲೆದಾಟ ತಪ್ಪುತ್ತಾ? ಇಲ್ಲಾ ಗೋಡೆಗೆ ಇನ್ನೊಂದು ಬೋರ್ಡ್ ಬರುತ್ತಾ, ಅಷ್ಟೇನಾ?"

ಕಡ್ಡಾಯ ಮಾಡಲೇಬೇಕು. ಆದರೆ ಸರ್ಟಿಫಿಕೇಟನ್ನಲ್ಲ. ಅರ್ಜಿ ಯಾಕೆ ವಾಪಸ್ ಹೋಯಿತು ಅಂತ ಬರೆದಿಡುವುದನ್ನು, ಆ ಕಾರಣಗಳನ್ನು ತಿಂಗಳಿಗೊಮ್ಮೆ ಕೂತು ನೋಡುವುದನ್ನು, ನೋಡಿ ಏನು ಸರಿ ಮಾಡಿದರು ಅಂತ ಜನರಿಗೆ ತಿಳಿಸುವುದನ್ನು ಕಡ್ಡಾಯ ಮಾಡಬೇಕು.

ಐಎಸ್‌ಒ 9001 ಅನ್ನುವ ಅಂತರರಾಷ್ಟ್ರೀಯ ಗುಣಮಟ್ಟ ಮಾನದಂಡದ ಸರ್ಟಿಫಿಕೇಟ್ ಅಂದರೆ ಕೆಲಸ ಚೆನ್ನಾಗಿದೆ ಅನ್ನುವ ಮುದ್ರೆಯಲ್ಲ. ಕೆಲಸಕ್ಕೊಂದು ಕ್ರಮ ಇದೆ, ತಪ್ಪಾದರೆ ಕಾರಣ ಹುಡುಕಿ ಸರಿಪಡಿಸುವ ಏರ್ಪಾಡಿದೆ ಅಂತ ಮಾತ್ರ ಅದು ಹೇಳುತ್ತದೆ. ಸರ್ಟಿಫಿಕೇಟ್ ಕೊಡುವುದು ಐಎಸ್‌ಒ ಸಂಸ್ಥೆಯೂ ಅಲ್ಲ, ಬೇರೆ ಏಜೆನ್ಸಿಗಳು. ಫಿಲಿಪೀನ್ಸ್ ದೇಶ 2007ರಲ್ಲೇ ಅಧ್ಯಕ್ಷರ ಆದೇಶ ಹೊರಡಿಸಿ ಸರ್ಕಾರಿ ಇಲಾಖೆಗಳಿಗೆ ಈ ಪದ್ಧತಿ ತರಲು ಹೊರಟಿತು. ನಮ್ಮಲ್ಲೂ ಸರ್ಕಾರಿ ಸೇವೆಗಳಿಗೆಂದೇ ಐಎಸ್ 15700 ಅನ್ನುವ ಮಾನದಂಡ 2005ರಲ್ಲೇ ಬಂದಿದೆ. ಯಾವ ಸೇವೆ ಹೇಗೆ ಸಿಗುತ್ತದೆ ಅಂತ ಜನರಿಗೆ ಮಾತು ಕೊಡುವ ನಾಗರಿಕ ಸನ್ನದು ಇರಬೇಕು, ದೂರು ಕೇಳುವ ವ್ಯವಸ್ಥೆ ಇರಬೇಕು ಅಂತ ಅದರಲ್ಲಿದೆ. ಅಂದರೆ ಕೊರತೆ ಇರುವುದು ಪುಸ್ತಕದಲ್ಲಲ್ಲ.

"ಸಕಾಲ ಇದೆಯಲ್ಲ, ಇನ್ನೇನು ಬೇಕು?" ಅಂತ ಕೆಲವರು ಕೇಳುತ್ತಾರೆ. ಸರ್ಕಾರಿ ಸೇವೆಯನ್ನು ಗೊತ್ತಾದ ಅವಧಿಯೊಳಗೆ ಕೊಡಲೇಬೇಕು ಅನ್ನುವ, 2012ರಲ್ಲಿ ಶುರುವಾದ ಸಕಾಲ ನಿಜಕ್ಕೂ ದೊಡ್ಡ ಹೆಜ್ಜೆ. ಅರ್ಜಿಯ ಗುರುತಿಗೆ 15 ಅಂಕಿಯ ಜಿಎಸ್‌ಸಿ ನಂಬರ್ ಕೈಗೆ ಬರುತ್ತದೆ, ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500ರ ತನಕ ಪರಿಹಾರ ಕೇಳಬಹುದು. ಆದರೆ ಅರ್ಜಿ ತಿರಸ್ಕರಿಸಿದರೂ ಅದು 'ವಿಲೇವಾರಿ' ಲೆಕ್ಕಕ್ಕೇ ಸೇರುತ್ತದೆ. ಅವಧಿಯೊಳಗೆ ತಿರಸ್ಕರಿಸಿದರೆ ಕಚೇರಿಯ ಅಂಕಿ ಚೆನ್ನಾಗಿಯೇ ಕಾಣುತ್ತದೆ, ನೀವು ಮಾತ್ರ ಮತ್ತೆ ಬಸ್ ಹತ್ತಬೇಕು.

ಒಂದು ಉದಾಹರಣೆ ನೋಡಿ. ಒಬ್ಬ ತಾಯಿ ಮಗಳ ಸ್ಕಾಲರ್‌ಶಿಪ್‌ಗೆ ಆದಾಯ ಪ್ರಮಾಣಪತ್ರ ಕೇಳಿದ್ದಾರೆ ಅಂದುಕೊಳ್ಳಿ. ಆಧಾರ್‌ನಲ್ಲಿ ಹುಲಿಗೆಮ್ಮ, ರೇಷನ್ ಕಾರ್ಡ್‌ನಲ್ಲಿ ಹುಲಿಗೆವ್ವ. ನಮ್ಮ ಕಡೆ ಇದು ಮನೆಮನೆಯ ಕಥೆ. ಕೌಂಟರ್‌ನಲ್ಲಿ ಯಾರೂ ಎರಡು ಕಾಗದ ಪಕ್ಕಪಕ್ಕ ಇಟ್ಟು ನೋಡಲಿಲ್ಲ. ಅರ್ಜಿ ಗ್ರಾಮ ಲೆಕ್ಕಿಗರ ಹತ್ತಿರ ಹೋಯಿತು, ಅಲ್ಲಿಂದ ಕಂದಾಯ ನಿರೀಕ್ಷಕರ ಹತ್ತಿರ, ಕೊನೆಗೆ ಹೆಸರು ಹೊಂದುವುದಿಲ್ಲ ಅಂತ ವಾಪಸ್ ಬಂತು. ಅಫಿಡವಿಟ್ ಮಾಡಿಸಿ ತಂದರೆ ಇನ್ನೊಂದು ಕಾಗದ ಇಲ್ಲ ಅಂದರು. ಅಷ್ಟರಲ್ಲಿ ಎರಡು ದಿನದ ಕೂಲಿ ಹೋಯಿತು, ಸ್ಕಾಲರ್‌ಶಿಪ್‌ನ ಕೊನೇ ದಿನಾಂಕವೂ ಹತ್ತಿರ ಬಂತು.

ಇದರಲ್ಲಿ ಯಾರೂ ಕೆಟ್ಟವರಲ್ಲ, ಲಂಚವೂ ಇಲ್ಲ. ಆದರೂ ಆ ತಾಯಿಗೆ ಅನ್ಯಾಯವಾಯಿತು, ಅಲ್ವಾ? ವಾಪಸ್ ಹೋದ ಪ್ರತಿ ಅರ್ಜಿಯ ಕಾರಣವನ್ನೂ ಒಂದೇ ಕಡೆ ಬರೆದಿದ್ದರೆ, ಹೆಸರಿನ ವ್ಯತ್ಯಾಸವೇ ಜಾಸ್ತಿ ಅಂತ ತಿಂಗಳ ಕೊನೆಗೆ ಕಣ್ಣಿಗೆ ಹೊಡೆಯುತ್ತಿತ್ತು. ಆಮೇಲೆ ಮಾಡಬೇಕಾದ್ದು ಇಷ್ಟೇ: ಅರ್ಜಿ ತೆಗೆದುಕೊಳ್ಳುವಾಗಲೇ ಹೆಸರು ತಾಳೆ ನೋಡುವುದು, ಏನೇನು ಕಮ್ಮಿ ಇದೆ ಅಂತ ಒಂದೇ ಚೀಟಿಯಲ್ಲಿ ಬರೆದುಕೊಡುವುದು. ಗುಣಮಟ್ಟ ನಿರ್ವಹಣೆ ಅನ್ನುವ ದೊಡ್ಡ ಮಾತಿನ ತಿರುಳು ಇದೇ.

ಆಸ್ಪತ್ರೆಯಲ್ಲಾದರೆ ಅಲೆದಾಟದ ಜೊತೆ ಜೀವದ ಪ್ರಶ್ನೆಯೂ ಸೇರುತ್ತದೆ. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಬಾಣಂತಿಯರು ತೀರಿಕೊಂಡರು, ಅವರಿಗೆ ಡ್ರಿಪ್ ಮೂಲಕ ಹಾಕಿದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಅನುಮಾನ ಬಂತು, ಸರ್ಕಾರ ಅದರ ಬಳಕೆ ನಿಲ್ಲಿಸಿತು. ಆ ಮನೆಗಳಲ್ಲಿ ಕೂಸುಗಳು ತಾಯಿಯಿಲ್ಲದೆ ಬೆಳೆಯುತ್ತಿವೆ. ಯಾವ ಬ್ಯಾಚ್ ಯಾವ ವಾರ್ಡಿಗೆ ಹೋಯಿತು, ಒಬ್ಬರಿಗೆ ತೊಂದರೆಯಾದ ಗಳಿಗೆಯಲ್ಲೇ ಆ ಬ್ಯಾಚ್ ಬಾಟಲಿಗಳನ್ನೆಲ್ಲ ತೆಗೆದಿಡುವವರು ಯಾರು ಅನ್ನುವುದು ಮೊದಲೇ ಗೊತ್ತಿರಬೇಕು. ಸರ್ಕಾರಿ ಆಸ್ಪತ್ರೆಗಳಿಗೆ ಎನ್‌ಕ್ಯೂಎಎಸ್ ಅನ್ನುವ ರಾಷ್ಟ್ರೀಯ ಮಾನದಂಡವಿದೆ, ಹೆರಿಗೆ ಕೋಣೆಗಳಿಗೆ 2017ರಿಂದ ಲಕ್ಷ್ಯ ಕಾರ್ಯಕ್ರಮ ಇದೆ. ಎನ್‌ಕ್ಯೂಎಎಸ್ ನನಗೆ ಹಿಡಿಸುವುದು ಯಾಕೆಂದರೆ ಪರಿಶೀಲಕರು ಫೈಲ್ ನೋಡಿ ಎದ್ದು ಹೋಗುವಂತಿಲ್ಲ, ವಾರ್ಡಿನಲ್ಲಿ ಕಣ್ಣಾರೆ ನೋಡಬೇಕು, ಸಿಬ್ಬಂದಿಯನ್ನು ಕೇಳಬೇಕು, ರೋಗಿಯನ್ನೂ ಕೇಳಬೇಕು. ಕಂದಾಯ ಇಲಾಖೆಗೂ ಹೀಗೆ ಜನರನ್ನೇ ಕೇಳುವ ತಪಾಸಣೆ ಬರಬೇಕು.

ಇನ್ನು ಸಿಬ್ಬಂದಿಯ ಮಾತು. ಖಾಲಿ ಹುದ್ದೆಗಳ ನಡುವೆ ಒಬ್ಬರೇ ಮೂವರ ಕೆಲಸ ಮಾಡುತ್ತಿದ್ದರೆ ಹೊಸ ರಿಜಿಸ್ಟರ್ ಬರೆಯುವವರು ಯಾರು? ಅವರ ಸಿಟ್ಟು ನ್ಯಾಯವಾದದ್ದೇ. ಕೆಲಸಕ್ಕೆ ಬೇಕಾದ ಜನ, ಸೌಕರ್ಯ ಒದಗಿಸಬೇಕು ಅಂತ ಐಎಸ್‌ಒ 9001ರಲ್ಲೇ ಇದೆ. ನಮ್ಮ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371(ಜೆ) ವಿಧಿ ಬಂದು ಇಷ್ಟು ವರ್ಷವಾದ ಮೇಲೂ ಖಾಲಿ ಕುರ್ಚಿ ತುಂಬದೆ ಕಡ್ಡಾಯದ ಆದೇಶ ಮಾತ್ರ ಕಳಿಸಿದರೆ ತಾಲೂಕಿನ ಗುಮಾಸ್ತರಿಗೆ ಇನ್ನೊಂದು ಹೊರೆ ಅಷ್ಟೇ.

ಕಡ್ಡಾಯ ಆಗುವ ತನಕ ನೀವು ಮಾಡಬಹುದಾದದ್ದೂ ಇದೆ. ಅರ್ಜಿ ವಾಪಸ್ ಬಂದರೆ ಕಾರಣವನ್ನು ಬರಹದಲ್ಲಿ ಕೇಳಿ ತಗೊಳ್ಳಿ, ತಿರಸ್ಕಾರದ ಮೇಲೂ ಸಕಾಲದಲ್ಲಿ ಮೇಲ್ಮನವಿ ಹಾಕಬಹುದು. 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ನಿಮ್ಮ ತಾಲೂಕಿನ ಲೆಕ್ಕ ಕೇಳಿ: ಕಳೆದ ವರ್ಷ ಎಷ್ಟು ಅರ್ಜಿ ತಿರಸ್ಕಾರವಾದವು, ಯಾವ ಯಾವ ಕಾರಣಕ್ಕೆ? ಒಂದೇ ವಿಷಯ ಇರಲಿ, 150 ಪದ ಮೀರದಿರಲಿ, ಇಲ್ಲದಿದ್ದರೆ ಅದೇ ನೆಪದಲ್ಲಿ ಅರ್ಜಿ ತಿರುಗಿ ಬರಬಹುದು. ಉತ್ತರ ಕೊಡಲು ಅವರಿಗೆ 30 ದಿನ ಇರುತ್ತದೆ.