ಶುಕ್ರವಾರ ಸಂಜೆಯ ಹಸಿರು ಬೆಂಕಿಯುಂಡೆ

1992ರ ಅಕ್ಟೋಬರ್ 9, ಶುಕ್ರವಾರ. ಅಮೆರಿಕದ ಪೂರ್ವ ಭಾಗದ ಹಲವು ಊರುಗಳಲ್ಲಿ ಹೈಸ್ಕೂಲ್ ಹುಡುಗರ ಫುಟ್‌ಬಾಲ್ ಪಂದ್ಯ ನಡೆಯುತ್ತಿತ್ತು. ಕೆಲವರು ಆಟ ಸೆರೆಹಿಡಿಯಲು ವಿಡಿಯೊ ಕ್ಯಾಮೆರಾ ತಂದಿದ್ದರು. ಕತ್ತಲಾದ ಸ್ವಲ್ಪ ಹೊತ್ತಿಗೆ ಹುಣ್ಣಿಮೆ ಚಂದ್ರನನ್ನೂ ಮೀರಿಸುವ ಹಸಿರು ಬೆಳಕೊಂದು ಆಕಾಶ ಸೀಳಿಕೊಂಡು ಬಂತು. 40 ಸೆಕೆಂಡಿಗೂ ಜಾಸ್ತಿ ಹೊತ್ತು ಉರಿಯಿತು. ನಡುವೆಯೇ ಒಡೆದು, ಚೂರುಗಳೆಲ್ಲ ಹಿಂದೆ ಮುಂದೆ ಸಾಲಾಗಿ ಓಡಿದವು.

ಶುಕ್ರ ಗ್ರಹಕ್ಕಿಂತ ಹೆಚ್ಚು ಹೊಳೆಯುವ ಉಲ್ಕೆಯನ್ನು ಫೈರ್‌ಬಾಲ್ ಎನ್ನುತ್ತಾರೆ. ಅಂದು ಉರಿದದ್ದು ಬಾಹ್ಯಾಕಾಶದಿಂದ ಬಂದ ಕಲ್ಲು. ಅದು ಸೆಕೆಂಡಿಗೆ ಸುಮಾರು 15 ಕಿ.ಮೀ. ವೇಗದಲ್ಲಿ ಬಂದಿತ್ತು. ಅಷ್ಟು ವೇಗಕ್ಕೆ ಎದುರಿನ ಗಾಳಿಗೆ ಪಕ್ಕಕ್ಕೆ ಸರಿಯಲು ಸಮಯವೇ ಸಿಗುವುದಿಲ್ಲ. ಅದು ಒತ್ತಿಕೊಂಡು ಸಾವಿರಾರು ಡಿಗ್ರಿ ಕಾಯುತ್ತದೆ. ಬರೀ ಉಜ್ಜುವುದರಿಂದ ಬಿಸಿಯಾಗುತ್ತದೆ ಎಂದು ನಾವು ಸುಮ್ನೆ ಹೇಳಿಬಿಡುತ್ತೇವೆ, ಅಲ್ವಾ? ಮುಖ್ಯ ಕಾರಣ ಈ ಒತ್ತಡ.

ಉಳಿದ ತುಂಡೊಂದು ನ್ಯೂಯಾರ್ಕ್ ರಾಜ್ಯದ ಪೀಕ್ಸ್‌ಕಿಲ್‌ನಲ್ಲಿ, ಮನೆ ಮುಂದೆ ನಿಲ್ಲಿಸಿದ್ದ ಕೆಂಪು ಶೆವ್ರೊಲೆ ಕಾರಿನ ಡಿಕ್ಕಿ ತೂರಿಕೊಂಡು ನೆಲ ಸೇರಿತು. ತೂಕ ಸುಮಾರು 12 ಕೆ.ಜಿ.

ಜನ ಈ ಕಾರಿನ ಕಥೆಯನ್ನೇ ಹೇಳುತ್ತಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಆ ವಿಡಿಯೊಗಳು. ಬೇರೆ ಬೇರೆ ಊರುಗಳಿಂದ ಹತ್ತಾರು ಸಿಕ್ಕಿದವು. ಚಿತ್ರದಲ್ಲಿದ್ದ ದೀಪದ ಕಂಬ, ಕಟ್ಟಡದ ಅಂಚು ಹಿಡಿದು ವಿಜ್ಞಾನಿಗಳು ಉಲ್ಕೆಯ ದಿಕ್ಕು, ಎತ್ತರ ಅಳೆದರು. ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿದಾಗ, ಸೂರ್ಯನ ಸುತ್ತ ಕಲ್ಲು ಸುತ್ತುತ್ತಿದ್ದ ದಾರಿಯ ದೂರದ ತುದಿ ಮಂಗಳನ ಆಚೆ, ಕ್ಷುದ್ರಗ್ರಹಗಳೆಂಬ ಕಲ್ಲುಬಂಡೆಗಳು ಸುತ್ತುವ ಪಟ್ಟಿಯ ಒಳ ಅಂಚಿನಲ್ಲಿತ್ತು. ಕಕ್ಷೆ ನಿಖರವಾಗಿ ಗೊತ್ತಾದ ನಾಲ್ಕನೇ ಉಲ್ಕಾಶಿಲೆ ಇದು. ಮೊದಲ ಮೂರನ್ನು ಹಿಡಿದದ್ದು ವಿಜ್ಞಾನಿಗಳು ಅದಕ್ಕೆಂದೇ ಇಟ್ಟಿದ್ದ ಕ್ಯಾಮೆರಾಗಳು. ಇದನ್ನು ಹಿಡಿದವರು ಆಟ ನೋಡಲು ಬಂದವರು!

ಹಾಗಾಗಿ ನಿಮಗೂ ಬೆಂಕಿಯುಂಡೆ ಕಂಡರೆ ನಿಂತ ಜಾಗ ಬಿಡಬೇಡಿ. ಯಾವ ಮರದ ಮೇಲೆ ಕಾಣಿಸಿತು, ಯಾವ ಮನೆಯ ಹಿಂದೆ ಆರಿತು ಎಂದು ಗುರುತಿಟ್ಟುಕೊಳ್ಳಿ. ಗಂಟೆ ನೋಡಿ. ಆಮೇಲೆ ಸದ್ದಿಗಾಗಿ ಕಾಯಿರಿ. 30 ಕಿ.ಮೀ. ದೂರದ ಗುಡುಗು ಕಿವಿ ಮುಟ್ಟಲು ಒಂದೂವರೆ ನಿಮಿಷ ಬೇಕು. "ಇಲ್ಲೇ ಗುಡ್ಡದ ಹಿಂದೆ ಬಿತ್ತು" ಎಂದು ಎಲ್ಲರಿಗೂ ಅನಿಸುತ್ತದೆ. ಆದರೆ ಬೆಳಕು ಆರುವುದು ಸಾಮಾನ್ಯವಾಗಿ ನೆಲದಿಂದ ಹತ್ತಾರು ಕಿ.ಮೀ. ಮೇಲೆಯೇ. ಅಲ್ಲಿಂದ ಕೆಳಗೆ ಕಲ್ಲು ಕತ್ತಲಲ್ಲೇ ಬೀಳುತ್ತದೆ.

ಅಂಥ ಕಲ್ಲು ಸಿಕ್ಕರೆ ತೊಳೆಯಬೇಡಿ, ಅಯಸ್ಕಾಂತ ತಾಗಿಸಬೇಡಿ. ಅದರೊಳಗೆ ಕೋಟ್ಯಂತರ ವರ್ಷ ಹಳೆಯ ಕಾಂತೀಯ ಗುರುತು ಇರಬಹುದು. ಒಂದು ಸಲ ಅಯಸ್ಕಾಂತ ಮುಟ್ಟಿಸಿದರೂ ಅದು ಅಳಿಸಿಹೋಗುತ್ತದೆ.