ಎಕ್ಟೋಪಿಕ್ ಅಂದರೆ ಬೀಟ್ ಮಿಸ್ ಆಗೋದಲ್ಲ

ಕಲಬುರಗಿಯ ಅಪ್ಪನ ಕೆರೆ ಸುತ್ತ ವಾಕಿಂಗ್ ಬರುವವರ ಬಾಯಲ್ಲಿ ಇತ್ತೀಚೆಗೆ ಒಂದೇ ಮಾತು: "ನಂದು ಬೀಟ್ ಮಿಸ್ ಆಗ್ತದ್ರೀ, ಡಾಕ್ಟರ್ ಎಕ್ಟೋಪಿಕ್ ಅಂದಾರ, ಅದಕ್ಕ ಜೋರ್ ನಡೆಯೋದು ಬಿಟ್ಟೀನಿ." ಡಾಕ್ಟರ್ ಎಕ್ಟೋಪಿಕ್ ಅಂದಿದ್ದು ನಿಜ. ಉಳಿದದ್ದೆಲ್ಲ ಇವರೇ ಸೇರಿಸಿಕೊಂಡಿದ್ದು.

ಇಲ್ಲಿ ಯಾವ ಬಡಿತವೂ ಮಿಸ್ ಆಗಿರುವುದಿಲ್ಲ. ಒಂದು ಬಡಿತ ಸರದಿಗೆ ಮುಂಚೆಯೇ ಬಂದಿರುತ್ತದೆ. ಬಡಿತದ ಕರೆಂಟು ಹೊರಡಬೇಕಾದ್ದು ಹೃದಯದ ಬಲ ಮೇಲ್ಕೋಣೆಯಲ್ಲಿನ ಪುಟ್ಟ ಕೇಂದ್ರವಾದ ಎಸ್‌ಎ ನೋಡ್‌ನಿಂದ. ಆಗೊಮ್ಮೆ ಈಗೊಮ್ಮೆ ಅದು ಇನ್ನೆಲ್ಲಿಂದಲೋ ಹೊರಡುತ್ತದೆ. ಗ್ರೀಕ್ ಮೂಲದ ಈ ಪದದ ಅರ್ಥವೇ 'ಜಾಗ ಬಿಟ್ಟಿದ್ದು'. ಎಕ್ಟೋಪಿಕ್ ಪ್ರೆಗ್ನೆನ್ಸಿ (ಗರ್ಭಕೋಶದ ಹೊರಗೆ ನಿಂತ ಗರ್ಭ) ಅನ್ನುತ್ತಾರಲ್ಲ, ಅದೇ ಪದ. ಅಲ್ಲಿ ಅದು ಎಮರ್ಜೆನ್ಸಿ, ಇಲ್ಲಿ ಬಹುತೇಕ ಸಲ ಏನೂ ಅಲ್ಲ. ರಿಪೋರ್ಟಿನಲ್ಲಿ ವಿಪಿಸಿ ಅಂತಿದ್ದರೆ ಕೆಳಕೋಣೆಯಿಂದ ಬಂದದ್ದು, ಅಷ್ಟೇ.

ಬೇಗ ಬಂದ ಬಡಿತಕ್ಕೆ ಹೃದಯದಲ್ಲಿ ರಕ್ತ ಪೂರ್ತಿ ತುಂಬಿರುವುದಿಲ್ಲ, ಹಾಗಾಗಿ ಎಷ್ಟೋ ಸಲ ಅದು ಮಣಿಕಟ್ಟಿನ ನಾಡಿಗೆ ಗೊತ್ತೇ ಆಗುವುದಿಲ್ಲ. ಆಮೇಲೆ ಸಾಮಾನ್ಯವಾಗಿ ಸ್ವಲ್ಪ ಜಾಸ್ತಿ ಬಿಡುವು. ಆ ಬಿಡುವಿನಲ್ಲಿ ರಕ್ತ ಚೆನ್ನಾಗಿ ತುಂಬಿ, ಮುಂದಿನ ಬಡಿತ ಧಸಕ್ ಅನ್ನುತ್ತದೆ. ಜನ ಎದೆ ಹಿಡಿದುಕೊಳ್ಳುವುದು ಈ ಬಡಿತಕ್ಕೆ. ತಮಾಷೆ ಅಂದರೆ, ಅದೇ ನಾರ್ಮಲ್ ಬಡಿತ!

ಇನ್ನು ಸ್ಮಾರ್ಟ್‌ವಾಚ್. ಒಂದು ಬಿಟ್ಟು ಒಂದು ಎಕ್ಟೋಪಿಕ್ ಬಂದರೆ ಹೃದಯ ನಿಮಿಷಕ್ಕೆ 80 ಬಾರಿ ಬಡಿದರೂ ನಾಡಿ ಎಣಿಸುವ ವಾಚ್ 40 ತೋರಿಸಬಹುದು. ಅದನ್ನು ನೋಡಿ ಗಾಬರಿ, ಗಾಬರಿಗೆ ಅಡ್ರಿನಾಲಿನ್, ಅದಕ್ಕೆ ಇನ್ನಷ್ಟು ಎಕ್ಟೋಪಿಕ್.

ಇಸಿಜಿ, ಎಕೋ (ಹೃದಯದ ಸ್ಕ್ಯಾನ್) ಚೆನ್ನಾಗಿದ್ದು ಡಾಕ್ಟರ್ 'ಬಿನೈನ್' (ಅಪಾಯವಿಲ್ಲದ್ದು) ಅಂದಿದ್ದರೆ ವ್ಯಾಯಾಮ ಬಿಡಬೇಕಿಲ್ಲ. ಜೋರಾಗಿ ನಡೆದಾಗ ಎಸ್‌ಎ ನೋಡ್ ಬೇಗ ಬೇಗ ಕೆಲಸ ಮಾಡುತ್ತದೆ, ನಡುವೆ ನುಸುಳಲು ಬೇರೆಯವರಿಗೆ ಸಂದು ಕಮ್ಮಿ, ಹಾಗಾಗಿ ಎಕ್ಟೋಪಿಕ್ ಸಾಮಾನ್ಯವಾಗಿ ಅಡಗುತ್ತದೆ. ನಡಿಗೆ ಮುಗಿಸಿ ಬೆಂಚಿನ ಮೇಲೆ ಕೂತು ವೇಗ ಇಳಿಯುವಾಗ ಮತ್ತೆ ಶುರು. ಆಗ ನಮ್ಮವರ ತೀರ್ಪು: "ವಾಕಿಂಗ್ ಮಾಡಿದ್ದಕ್ಕೇ ಬಂತು." ಖಾಲಿ ಹೊಟ್ಟೆಗೆ ಕುಡಿದ ಎರಡು ಕಪ್ ಚಾ, ಕೆಟ್ಟ ನಿದ್ದೆ, ಮೇ ತಿಂಗಳ ಬಿಸಿಲಿಗೆ ಬೆವರಿ ನೀರೇ ಕುಡಿಯದಿದ್ದದ್ದು, ಇವು ಯಾವುವೂ ಲೆಕ್ಕಕ್ಕಿಲ್ಲ. ನಮ್ಮ ಕಡೆ ಬೇಸಿಗೆಯಲ್ಲಿ ಬೆಳಿಗ್ಗೆ 7ರೊಳಗೆ ನಡಿಗೆ ಮುಗಿಸುವುದು ಹೇಗೂ ಒಳ್ಳೆಯದು.

ಆದರೆ 'ಬಿನೈನ್' ಅನ್ನುವುದು ನಾವೇ ಕೊಟ್ಟುಕೊಳ್ಳುವ ಸರ್ಟಿಫಿಕೇಟ್ ಅಲ್ಲ. ಓಡುವಾಗಲೇ ಬಡಿತ ಹೆಚ್ಚು ಕೆಡುತ್ತಿದ್ದರೆ, ಎದೆನೋವು ಅಥವಾ ತಲೆಸುತ್ತು ಇದ್ದರೆ, ಎಚ್ಚರ ತಪ್ಪಿದ್ದರೆ, ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿಗೇ ಹಠಾತ್ತಾಗಿ ತೀರಿಕೊಂಡಿದ್ದರೆ ವ್ಯಾಯಾಮ ನಿಲ್ಲಿಸಿ ಮೊದಲು ತೋರಿಸಿ. 24 ಗಂಟೆ ಬಡಿತ ದಾಖಲಿಸುವ ಹೋಲ್ಟರ್ ಯಂತ್ರ ಕಟ್ಟುತ್ತಾರೆ. ದಿನಕ್ಕೆ ಸುಮಾರು 1 ಲಕ್ಷ ಬಡಿತದಲ್ಲಿ ಕೆಲವು ನೂರು ಎಕ್ಟೋಪಿಕ್ ಕಂಡರೆ ಡಾಕ್ಟರಿಗೆ ಅಷ್ಟೇನೂ ಚಿಂತೆ ಇರುವುದಿಲ್ಲ. ಶೇ. 10 ದಾಟಿದರೆ ಹೃದಯದ ಮೇಲೆ ಕಣ್ಣಿಡುತ್ತಾರೆ.

ಎಕ್ಟೋಪಿಕ್‌ಗೂ ಏಟ್ರಿಯಲ್ ಫಿಬ್ರಿಲೇಶನ್‌ಗೂ ಗಂಟು ಹಾಕುವವರೂ ಇದ್ದಾರೆ. ಅದು ಹೃದಯದ ಮೇಲ್ಕೋಣೆಗಳು ತಾಳ ತಪ್ಪಿ ಅದುರುವ ಬೇರೆಯೇ ಕಾಯಿಲೆ. ಅದರಲ್ಲಿ ರಕ್ತ ಹೆಪ್ಪುಗಟ್ಟಿ ಲಕ್ವಾ ಹೊಡೆಯುವ ಅಪಾಯ ಇದೆ, ಎಷ್ಟೋ ಜನಕ್ಕೆ ರಕ್ತ ತೆಳುವಾಗಿಸುವ ಮಾತ್ರೆ ಬೇಕಾಗುತ್ತದೆ. ನಾಡಿ ಹಿಡಿದಾಗ ನಡುವೆ ಒಂದು ಬಿಟ್ಟು ಮತ್ತೆ ತಾಳಕ್ಕೆ ಬಂದರೆ ಎಕ್ಟೋಪಿಕ್ ಇರಬಹುದು. ತಾಳವೇ ಸಿಗುತ್ತಿಲ್ಲ ಅಂದರೆ ಅವತ್ತೇ ಇಸಿಜಿ ತೆಗೆಸಿ.