ಮಳೆಗಾಲದಲ್ಲಿ ಅಣೆಕಟ್ಟು ಖಾಲಿ ಇಟ್ಟರೆ ಭೀಮೆಯ ಪ್ರವಾಹ ತಪ್ಪುತ್ತದೆಯೇ?

ಓದುಗರ ಪ್ರಶ್ನೆ: ನಾನಿರೋದು ಪುಣೆಯ ಸಿಂಹಗಡ ರಸ್ತೆಯಲ್ಲಿ. ನಮ್ಮ ಹೊಲ ಅಫಜಲಪುರ ತಾಲ್ಲೂಕಿನಲ್ಲಿ, ಭೀಮಾ ದಂಡೆಗೆ. ಮುಠಾ ನದಿಯ ಖಡಕವಾಸ್ಲಾ ಅಣೆಕಟ್ಟಿನ ಗೇಟು ತೆಗೆದರೆ ಇಲ್ಲಿ ಮನೆ ಹತ್ತಿರ ನೀರು, ಭೀಮೆಯ ಉಜನಿ ಅಣೆಕಟ್ಟಿನ ಗೇಟು ತೆಗೆದರೆ ಅಲ್ಲಿ ಬೆಳೆ ಹೋಗುತ್ತದೆ. ಮಳೆಗಾಲಕ್ಕೆ ಮೊದಲೇ ಇವನ್ನು ಖಾಲಿ ಮಾಡಿ ಇಟ್ಟರೆ ಆಗಲ್ವಾ?

ಜೂನ್ ಶುರುವಿನಲ್ಲಿ ಈ ಅಣೆಕಟ್ಟುಗಳಲ್ಲಿ ನೀರು ಹೇಗೂ ಕಡಿಮೆಯೇ ಇರುತ್ತದೆ. ಕಷ್ಟ ಬರುವುದು ಆಮೇಲೆ. ಕೆರೆ ತುಂಬಿದ ಮೇಲೂ ಮಳೆ ನಿಲ್ಲದಿದ್ದಾಗ.

ಮೊದಲು ಖಡಕವಾಸ್ಲಾ ನೋಡೋಣ. ಪಾನಶೇತ, ವರಸಗಾಂವ, ಟೇಮಘರ, ಖಡಕವಾಸ್ಲಾ ನಾಲ್ಕೂ ಸೇರಿ ಸುಮಾರು 29 ಟಿಎಂಸಿ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ) ಹಿಡಿಯುತ್ತವೆ. ಖಡಕವಾಸ್ಲಾ ಪಾಲು ಇದರಲ್ಲಿ 2 ಟಿಎಂಸಿಗೂ ಕಡಿಮೆ. 1 ಟಿಎಂಸಿ ಅಂದರೆ ದಿನವಿಡೀ ಸುಮಾರು 11,574 ಕ್ಯೂಸೆಕ್ (ಸೆಕೆಂಡಿಗೆ ಅಷ್ಟು ಘನ ಅಡಿ) ಹರಿದಷ್ಟು ನೀರು. ಘಟ್ಟದಲ್ಲಿ ಜೋರು ಮಳೆಯಾಗಿ 40 ಸಾವಿರ ಕ್ಯೂಸೆಕ್ ಒಳಗೆ ಬಂದರೆ, ಪೂರ್ತಿ ಬರಿದಾದ ಖಡಕವಾಸ್ಲಾ ಕೂಡ 14 ಗಂಟೆಯೊಳಗೆ ತುಂಬುತ್ತದೆ. ಹಾಗಾಗಿ ಅದೊಂದನ್ನೇ ಖಾಲಿ ಇಟ್ಟು ದೊಡ್ಡ ಪ್ರವಾಹ ತಡೆಯಲು ಆಗುವುದಿಲ್ಲ. ಮೇಲಿನ ಮೂರರಲ್ಲಿ ಜಾಗ ಇರಬೇಕು, ಕೆಳಗೆ ಮುಠಾ ನದಿಗೆ ಹರಿಯಲು ಪಾತ್ರ ಉಳಿದಿರಬೇಕು. 2024ರ ಜುಲೈ 25ರಂದು ನಿಮ್ಮ ರಸ್ತೆಯ ಏಕತಾ ನಗರಿಯೊಳಗೆ ನೀರು ನುಗ್ಗಿದ್ದು ನಿಮಗೇ ಗೊತ್ತು. ನದಿಯ ದಡಕ್ಕೇ ಮನೆ ಕಟ್ಟಲು ಬಿಟ್ಟ ಮೇಲೆ ಅಣೆಕಟ್ಟನ್ನು ಮಾತ್ರ ಬೈಯುವುದು ನ್ಯಾಯ ಅಲ್ಲ.

ತುಂಬಿದ ಮೇಲೆ ಗೇಟು ತೆಗೆಯದೆ ತಡೆಹಿಡಿಯುವುದಂತೂ ಸಾಧ್ಯವೇ ಇಲ್ಲ. 1961ರ ಜುಲೈ 12ರಂದು, ಕಟ್ಟುವ ಕೆಲಸ ಇನ್ನೂ ಮುಗಿಯದಿದ್ದ ಪಾನಶೇತ ಮಣ್ಣಿನ ಅಣೆಕಟ್ಟು ಒಡೆಯಿತು. ಆ ನೀರಿನ ಹೊಡೆತಕ್ಕೆ ಖಡಕವಾಸ್ಲಾ ಕೂಡ ಒಡೆದು ಪುಣೆ ಮುಳುಗಿತು. ಅಣೆಕಟ್ಟಿಗೇ ಅಪಾಯ ಅನ್ನಿಸಿದರೆ ಎಂಜಿನಿಯರುಗಳು ಕೆಳಗೆ ಪ್ರವಾಹ ಬರುತ್ತದೆ ಎಂದು ಗೊತ್ತಿದ್ದೂ ನೀರು ಬಿಡಲೇಬೇಕು.

ಈಗ ಉಜನಿ. ನಿಮ್ಮ ಹೊಲದ ನಿಜವಾದ ಲೆಕ್ಕ ಇರುವುದು ಇಲ್ಲಿ. ಒಟ್ಟು ಸುಮಾರು 117 ಟಿಎಂಸಿ ಹಿಡಿಯುವ ದೊಡ್ಡ ಜಲಾಶಯ ಅದು. ಆದರೆ ಅದರಲ್ಲಿ ಸುಮಾರು 64 ಟಿಎಂಸಿ ತಳದ ನೀರು, ಬಳಕೆಗೆ ಸಿಗುವುದು ಸುಮಾರು 53 ಮಾತ್ರ. ಟಿವಿಯಲ್ಲಿ ತೋರಿಸುವ ಶೇಕಡಾ ಈ 53ರದ್ದು. ಅದಕ್ಕೇ ಬೇಸಿಗೆಯಲ್ಲಿ ಮಟ್ಟ ತಳದ ನೀರಿಗೆ ಇಳಿದಾಗ ‘ಮೈನಸ್’ ಅಂತ ಬರುತ್ತದೆ.

ಸೊಲ್ಲಾಪುರದ ಕಬ್ಬು, ಕುಡಿಯುವ ನೀರು ಎಲ್ಲ ಇದನ್ನೇ ನಂಬಿವೆ. ಉಜನಿ ಸುತ್ತ ಬೀಳುವ ಮಳೆ ಕಡಿಮೆ. ಅದು ತುಂಬಬೇಕಾದರೆ ಪುಣೆ ಕಡೆಯ ಅಣೆಕಟ್ಟುಗಳು ತುಂಬಿ ನೀರು ಮುಠಾದಂಥ ನದಿಗಳ ಮೂಲಕ ಭೀಮೆಗೆ ಹರಿಯಬೇಕು. 2023ರಲ್ಲಿ ಹಾಗೆ ಆಗಲಿಲ್ಲ, ಉಜನಿ ಪೂರ್ತಿ ತುಂಬಲಿಲ್ಲ. 2024ರ ಬೇಸಿಗೆಯಲ್ಲಿ ಮೈನಸ್‌ಗೆ ಇಳಿಯಿತು. ಅದೇ ವರ್ಷ ಆಗಸ್ಟ್‌ನಲ್ಲಿ ತುಂಬಿ ಗೇಟು ತೆಗೆದರು! ಇಂಥ ನದಿಯಲ್ಲಿ ಜುಲೈನಲ್ಲಿ ಬಂದ ನೀರನ್ನು ‘ಮುಂದೆ ಮಳೆ ಬರುತ್ತದೆ’ ಅಂತ ಸುಮ್ನೆ ಬಿಟ್ಟು, ಮಳೆ ಕೈಕೊಟ್ಟರೆ ರೈತರಿಗೆ ಯಾರು ಉತ್ತರ ಹೇಳಬೇಕು? ನೀರಾವರಿಗೆ ಅಣೆಕಟ್ಟು ತುಂಬಿರಬೇಕು, ಪ್ರವಾಹಕ್ಕೆ ಜಾಗ ಖಾಲಿ ಇರಬೇಕು. ಎರಡೂ ಒಂದೇ ಕೆರೆಯಲ್ಲಿ ಆಗಬೇಕು.

ಇದಕ್ಕೆ ಇರುವ ದಾರಿ ಹಂತಹಂತವಾಗಿ ತುಂಬಿಸುವುದು. ಜುಲೈ ಕೊನೆಗೆ ಇಷ್ಟು, ಆಗಸ್ಟ್ ಕೊನೆಗೆ ಇಷ್ಟು ಅಂತ ಮಟ್ಟ ಗೊತ್ತು ಮಾಡಿ, ಕೊನೆಯ ಭಾಗವನ್ನು ತಡವಾಗಿ ತುಂಬುತ್ತಾರೆ. ನಡುವೆ ಜಾಸ್ತಿ ಬಂದರೆ ಮೊದಲಿನಿಂದಲೇ ಸ್ವಲ್ಪಸ್ವಲ್ಪ ಬಿಡುತ್ತಾರೆ. ನನ್ನ ಪ್ರಕಾರ ಈ ಮಟ್ಟಗಳನ್ನು ಪಾಲಿಸುವುದರಲ್ಲಿ ಸಡಿಲ ಬಿಡಲೇಬಾರದು. ಆದರೂ 2020ರ ಅಕ್ಟೋಬರ್‌ನಂಥ ಮಳೆ ಇದಕ್ಕೂ ಬಗ್ಗುವುದಿಲ್ಲ. ಮಳೆಗಾಲ ಮುಗಿಯುವ ಹೊತ್ತು, ಜಲಾಶಯಗಳು ಭರ್ತಿ. ಆಗ ವಾಯುಭಾರ ಕುಸಿತದ ಮಳೆ ಸುರಿಯಿತು. ಕಲಬುರಗಿ, ವಿಜಯಪುರ, ಯಾದಗಿರಿ ಮೂರೂ ಕಡೆ ಭೀಮೆ ದಡ ಮೀರಿದಳು.

ಇನ್ನೊಂದು ವಿಷಯ ಜನರ ಗಮನಕ್ಕೆ ಬರುವುದಿಲ್ಲ. ನೀರಾ ನದಿ ಭೀಮೆಗೆ ಸೇರುವುದು ಉಜನಿಯ ಕೆಳಗೆ, ಸೀನಾ ಅದಕ್ಕೂ ಕೆಳಗೆ. ಈ ನೀರನ್ನು ಉಜನಿ ಹಿಡಿಯಲು ಸಾಧ್ಯವೇ ಇಲ್ಲ. ನಿಮ್ಮ ಕಡೆಯ ಸೊನ್ನ ಬ್ಯಾರೇಜಿನಲ್ಲಿ ದೊಡ್ಡ ಪ್ರವಾಹಕ್ಕೆ ಜಾಗ ಇಲ್ಲ, ಬಂದದ್ದನ್ನು ಮುಂದೆ ಬಿಡಬೇಕಷ್ಟೆ.

ರಾಜ್ಯಗಳ ನಡುವೆ ನೀರಿನ ಹಂಚಿಕೆ ಇದೆಯಲ್ಲ ಅಂತ ನೀವು ಕೇಳಬಹುದು. ಕೃಷ್ಣಾ ನೀರಿನ ವಿವಾದ ಬಗೆಹರಿಸಲು ಕೂತ ಬಚಾವತ್ ನ್ಯಾಯಮಂಡಳಿ, ಭೀಮೆಯೂ ಸೇರುವ ಕೃಷ್ಣಾ ಕೊಳ್ಳದಲ್ಲಿ ಮಹಾರಾಷ್ಟ್ರಕ್ಕೆ 560, ಕರ್ನಾಟಕಕ್ಕೆ 700 ಟಿಎಂಸಿ ಕೊಟ್ಟಿತು. ಅದು ಬಳಸುವ ನೀರಿನ ಲೆಕ್ಕ. ಪ್ರವಾಹದ ರಾತ್ರಿ ಯಾರು ಎಷ್ಟು ಬಿಡಬೇಕು, ಎಷ್ಟು ಗಂಟೆ ಮೊದಲು ಹೇಳಬೇಕು ಅನ್ನುವುದಕ್ಕೆ ಎರಡೂ ರಾಜ್ಯದ ಎಂಜಿನಿಯರುಗಳು ಒಟ್ಟಿಗೆ ಕೂತು ಕೆಲಸ ಮಾಡಬೇಕು. ಕರ್ನಾಟಕದ ಆಲಮಟ್ಟಿಯಲ್ಲಿ ನೀರು ನಿಲ್ಲಿಸುವುದರಿಂದ ನಮ್ಮಲ್ಲಿ ಪ್ರವಾಹ ಬರುತ್ತದೆಯೇ ಎಂದು ಮಹಾರಾಷ್ಟ್ರದ ಸಾಂಗಲಿಯವರು ಕೇಳುವ ಪ್ರಶ್ನೆಯೂ ಇದೇ ಜಾತಿಯದು. ಪುಣೆಯಲ್ಲಿರುವ ಕನ್ನಡಿಗರಿಗೆ ಎರಡೂ ಕಡೆಯ ಸಂಕಟ ಕೇಳಿಸುತ್ತದೆ, ಅಲ್ವಾ?

ಸದ್ಯಕ್ಕೆ ನೀವು ಮಾಡಬಹುದಾದದ್ದು ಇದೆ. ಊರಿಗೆ ಫೋನ್ ಮಾಡಿದಾಗ ಉಜನಿಯ ಶೇಕಡಾ ಮಾತ್ರ ಹೇಳಬೇಡಿ. ಉಜನಿಯ ಹೊರಹರಿವಿಗೆ ನೀರಾ ನದಿಯ ವೀರ್ ಅಣೆಕಟ್ಟಿನ ಹೊರಹರಿವನ್ನೂ ಕೂಡಿಸಿ ಹೇಳಿ. ಭೀಮೆಯ ಮಟ್ಟದ ಬಗ್ಗೆ ಕೇಂದ್ರ ಜಲ ಆಯೋಗ ಕೊಡುವ ಮುನ್ಸೂಚನೆಯನ್ನೂ ನೋಡಿ. ಸೆಪ್ಟೆಂಬರ್ ಕೊನೆಗೆ ಉಜನಿ ಭರ್ತಿ ಇದ್ದು ಮತ್ತೆ ಮಳೆಯ ಸೂಚನೆ ಬಂದರೆ, ದಂಡೆಯ ಪಂಪ್‌ಸೆಟ್ಟು, ದನಕರು ಮೇಲಕ್ಕೆ ಸಾಗಿಸಲು ಗೇಟು ತೆಗೆಯುವವರೆಗೆ ಕಾಯಬೇಡಿ ಎಂದು ಹೇಳಿ.